ಪೂರ್ತಿ ನೋಡಬೇಕಾದ ಕಛೇರಿ: 1964ರ ‘ಟ್ಯಾಮಿ ಶೋ’

ಅಮೆರಿಕದ ಸೋಲ್ ಗಾಯಕ ಜೇಮ್ಸ್ ಬ್ರೌನ್ ಹಾಡುತ್ತಾ ಹಾಡುತ್ತಾ ಮೊಣಕಾಲೂರಿ ಕುಸಿದುಬೀಳುವ ದೃಶ್ಯವನ್ನು ನಿಮ್ಮಲ್ಲಿ ಅನೇಕರು ಎಲ್ಲಾದರೂ ನೋಡಿಯೇ ಇರುತ್ತೀರಿ. ಕಪ್ಪು ಬಿಳುಪು ಚಿತ್ರ. ಚೌಕಳಿ ಕೋಟು, ಎತ್ತರಕ್ಕೆ ಬಾಚಿದ ಹೊಳೆಯುವ ಕೂದಲು, ಮುಖದ ತುಂಬ ಬೆವರು. ಸಂಗಡಿಗರು ಬಂದು ಹೆಗಲಿಗೆ ಕೇಪ್ ಎಂಬ ಮೇಲುಹೊದಿಕೆ ಹೊದಿಸಿ, ಬೆನ್ನು ಸವರುತ್ತಾ ಮೆಲ್ಲಗೆ ಒಳಗೆ ಕರೆದೊಯ್ಯುತ್ತಾರೆ. ನಾಲ್ಕು ಹೆಜ್ಜೆ ಹೋದವನು ಕೇಪನ್ನು ಕೊಡವಿ ಮತ್ತೆ ಮೈಕಿನ ಮುಂದೆ ಬಂದು ನಿಲ್ಲುತ್ತಾನೆ. ಮತ್ತೆ ಕುಸಿಯುತ್ತಾನೆ. ಮತ್ತೆ ಕೇಪ್, ಮತ್ತೆ ಸಮಾಧಾನ, ಮತ್ತೆ ಅದೇ ಹಟ. ಸಭೆಯಲ್ಲಿ ಕೂತ ಹೈಸ್ಕೂಲು ಹುಡುಗ ಹುಡುಗಿಯರು ಗಂಟಲು ಕಿತ್ತುಹೋಗುವಂತೆ ಕಿರುಚುತ್ತಾರೆ.

ಈ ತುಣುಕು ಯೂಟ್ಯೂಬಿನಲ್ಲಿ, ಸಾಕ್ಷ್ಯಚಿತ್ರಗಳಲ್ಲಿ, ಫೋನುಗಳಲ್ಲಿ ವರ್ಷಗಟ್ಟಲೆ ಓಡಾಡಿದೆ. ನಾನೂ ಇದನ್ನು ಮತ್ತೆ ಮತ್ತೆ ನೋಡಿ ಖುಷಿಪಟ್ಟವನೇ. ಇದು ‘ಟಿ.ಎ.ಎಂ.ಐ. ಶೋ’ ಎಂಬ ಸಿನಿಮಾದ ಭಾಗ ಎಂಬುದೂ ಗೊತ್ತಿತ್ತು. ಎಲ್ಲರ ಬಾಯಲ್ಲಿ ಅದು ‘ಟ್ಯಾಮಿ ಶೋ’. 1964ರ ಅಕ್ಟೋಬರ್ 28 ಮತ್ತು 29ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಸಿವಿಕ್ ಆಡಿಟೋರಿಯಂನಲ್ಲಿ ಚಿತ್ರೀಕರಣಗೊಂಡು, ಆ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಕಛೇರಿಯ ಸಿನಿಮಾ. ಹನ್ನೆರಡು ತಂಡಗಳು, ಸುಮಾರು ಎರಡು ಗಂಟೆ. ಇತ್ತೀಚೆಗೆ ಅದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಎಲ್ಲಿಯೂ ಹಾರಿಸದೆ ನೋಡಿದೆ. ನೋಡಿದ ಮೇಲೆ ನನಗೆ ಬಲವಾಗಿ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಆ ಹದಿನೆಂಟು ನಿಮಿಷದ ಬ್ರೌನ್ ತುಣುಕನ್ನು ಕಿತ್ತು ಬೇರೆಯಾಗಿ ತೋರಿಸಿದಾಗ ನಮಗೆ ಸಿಗುವುದು ಒಬ್ಬ ಅದ್ಭುತ ಕಲಾವಿದ ಮಾತ್ರ. ಪೂರ್ತಿ ಸಿನಿಮಾದೊಳಗೆ ಅವನನ್ನು ನೋಡಿದಾಗ ಯಾರ ಹಾಡು ಯಾರ ಬಾಯಿಗೆ ಹೋಯಿತು, ಯಾರು ಯಾರಿಂದ ಕಲಿತರು ಎಂಬುದೆಲ್ಲ ಒಂದೇ ವೇದಿಕೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಅರವತ್ತರ ದಶಕದ ಪಾಪ್ ಸಂಗೀತದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ.

ಮೊದಲು ಸಿನಿಮಾ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದರ ಚೆಲುವಿನಲ್ಲಿ ತಂತ್ರದ ಪಾಲು ದೊಡ್ಡದು. ನಿರ್ಮಾಪಕ ಬಿಲ್ ಸಾರ್ಜೆಂಟ್ ‘ಎಲೆಕ್ಟ್ರೊನೋವಿಷನ್’ ಎಂಬ ವ್ಯವಸ್ಥೆ ಇಟ್ಟುಕೊಂಡಿದ್ದ. ಆಗಿನ ಅಮೆರಿಕನ್ ಟಿ.ವಿ. ಚಿತ್ರ 525 ಗೆರೆಗಳದ್ದು. ಸಾರ್ಜೆಂಟನ ವಿಡಿಯೊ ಕ್ಯಾಮೆರಾಗಳು 800ಕ್ಕೂ ಹೆಚ್ಚು ಗೆರೆಗಳಲ್ಲಿ ಚಿತ್ರ ಹಿಡಿಯುತ್ತಿದ್ದವು. ಅದನ್ನು ಫಿಲ್ಮಿಗೆ ಇಳಿಸಿ ಚಿತ್ರಮಂದಿರದಲ್ಲಿ ತೋರಿಸಬಹುದಿತ್ತು. ಅದೇ ವರ್ಷ ರಿಚರ್ಡ್ ಬರ್ಟನ್ ಅಭಿನಯದ ‘ಹ್ಯಾಮ್ಲೆಟ್’ ನಾಟಕವನ್ನು ಬ್ರಾಡ್‌ವೇ ರಂಗದಿಂದ ಹೀಗೆಯೇ ತೆರೆಗೆ ತಂದಿದ್ದರು. ಸಿನಿಮಾದ ಹಾಗೆ ಶಾಟ್ ಶಾಟಾಗಿ ತೆಗೆದು, ತಿಂಗಳುಗಟ್ಟಲೆ ಕೂತು ಜೋಡಿಸುವ ಗೋಜಿಲ್ಲ. ಹಲವು ಕ್ಯಾಮೆರಾ ಒಟ್ಟಿಗೆ ಓಡುತ್ತವೆ, ನಿರ್ದೇಶಕ ಅಲ್ಲೇ ಕೂತು ಈಗ ಈ ಕ್ಯಾಮೆರಾ, ಈಗ ಆ ಕ್ಯಾಮೆರಾ ಎಂದು ಆಯುತ್ತಾ ಹೋಗುತ್ತಾನೆ. ಕಛೇರಿ ಮುಗಿಯುವಷ್ಟರಲ್ಲಿ ಸಂಕಲನವೂ ಹೆಚ್ಚುಕಡಿಮೆ ಮುಗಿದಿರುತ್ತದೆ.

ಹಾಗೆ ಆಯ್ದವನು ಟಿ.ವಿ.ಯಿಂದ ಬಂದ ಸ್ಟೀವ್ ಬೈಂಡರ್. ನಾಲ್ಕು ವರ್ಷದ ನಂತರ ಎಲ್ವಿಸ್ ಪ್ರೆಸ್ಲಿಗೆ ಮರುಜೀವ ಕೊಟ್ಟ 1968ರ ಟಿ.ವಿ. ಕಾರ್ಯಕ್ರಮ ಮಾಡಿದವನೂ ಇವನೇ. ಬೈಂಡರನ ಕಣ್ಣು ನನಗೆ ಬಹಳ ಇಷ್ಟವಾಯಿತು. ಒಂದು ಮುಖ ಚೆನ್ನಾಗಿ ಮಾತಾಡುತ್ತಿದ್ದರೆ ಅವನು ಅಲ್ಲೇ ನಿಲ್ಲುತ್ತಾನೆ. ಇಂದಿನ ಸಂಗೀತದ ವಿಡಿಯೊಗಳಲ್ಲಿ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಚಿತ್ರ ಬದಲಾಗುತ್ತದೆ. ಇಲ್ಲಿ ಹಾಡುವವರ ಉಸಿರಾಟ ಕಾಣುತ್ತದೆ, ಗಂಟಲಿನ ನರ ಕಾಣುತ್ತದೆ. ಇನ್ನೊಂದು ಮಾತು: ಎಲ್ಲರೂ ನಿಜವಾಗಿ ಹಾಡಿದ್ದಾರೆ. ಆ ಕಾಲದ ಅಮೆರಿಕನ್ ಟಿ.ವಿ.ಯಲ್ಲಿ ರೆಕಾರ್ಡು ಹಾಕಿ ತುಟಿ ಆಡಿಸುವುದು ಮಾಮೂಲಾಗಿತ್ತು. ಇಲ್ಲಿ ಸ್ವರ ಒಂದಿಷ್ಟು ಜಾರಿದರೆ ಜಾರಿದ್ದು ಹಾಗೆಯೇ ಉಳಿದಿದೆ.

ಪಕ್ಕವಾದ್ಯದವರ ಬಗ್ಗೆ ಬೇರೆ ಲೇಖನವನ್ನೇ ಬರೆಯಬಹುದು. ಸಂಗೀತ ನಿರ್ದೇಶನ ಜ್ಯಾಕ್ ನಿಟ್ಷೆಯದು. ಡ್ರಮ್ಸ್‌ಗೆ ಹಾಲ್ ಬ್ಲೇನ್, ಪಿಯಾನೊಗೆ ಲಿಯಾನ್ ರಸೆಲ್, ಗಿಟಾರಿಗೆ ಗ್ಲೆನ್ ಕ್ಯಾಂಪ್‌ಬೆಲ್ ಮತ್ತು ಟಾಮಿ ಟೆಡೆಸ್ಕೊ. ಮುಂದೆ ‘ರೆಕಿಂಗ್ ಕ್ರೂ’ ಎಂದು ಹೆಸರಾದ, ಲಾಸ್ ಏಂಜಲೀಸಿನ ಸ್ಟುಡಿಯೊಗಳಲ್ಲಿ ಹಗಲು ರಾತ್ರಿ ದುಡಿದ ಗುಂಪು ಇದು. ರೇಡಿಯೊದಲ್ಲಿ ಇವರ ವಾದನ ಕೇಳದ ಅಮೆರಿಕನ್ ಇರಲಾರ, ಇವರ ಹೆಸರು ಬಲ್ಲವರೂ ಆಗ ಹೆಚ್ಚು ಇರಲಿಲ್ಲ.

ಕಾರ್ಯಕ್ರಮದ ನಿರೂಪಕರು ಜಾನ್ ಮತ್ತು ಡೀನ್. ಸ್ಕೇಟ್‌ಬೋರ್ಡ್ ಏರಿ ವೇದಿಕೆಗೆ ಬರುವ ಇಬ್ಬರು ಹೊಂಗೂದಲ ಹುಡುಗರು. ಹೆಸರುಗಳು ಮೂಡುವಾಗ ಕೇಳಿಬರುವ ಹಾಡು ಕೂಡ ಇವರದೇ. ಅದರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ಲಿವರ್‌ಪೂಲಿನವರು ಎಂದು ಹಾಡಿಬಿಟ್ಟಿದ್ದಾರೆ. ಆ ತಂಡ ಲಂಡನ್ನಿನದು. ಬ್ರಿಟನ್ನಿನಿಂದ ಬಂದವರೆಲ್ಲ ಬೀಟಲ್ಸ್‌ನ ಊರಿನವರೇ ಎಂದು ಅಮೆರಿಕ ನಂಬಿಕೊಂಡಿದ್ದ ವರ್ಷ ಅದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೊದಲು ವೇದಿಕೆಗೆ ಬರುವವನು ರಾಕ್ ಅಂಡ್ ರೋಲ್ ಸಂಗೀತದ ಮೂಲಪುರುಷರಲ್ಲೊಬ್ಬನಾದ ಚಕ್ ಬೆರಿ. ಅವನು ಸೆರೆಮನೆಯಿಂದ ಹೊರಬಂದು ಆಗ ಒಂದು ವರ್ಷ ಕಳೆದಿತ್ತು, ಅಷ್ಟೇ. ಅವನು ಒಳಗಿದ್ದಾಗ ಹೊರಗೆ ಅವನ ಹಾಡುಗಳನ್ನೇ ನುಡಿಸಿ ಕಲಿತ ಇಂಗ್ಲಿಷ್ ಹುಡುಗರು ಜಗತ್ತಿನ ಜನಪ್ರಿಯ ಹಾಡುಗಳ ಪಟ್ಟಿಗಳನ್ನೆಲ್ಲ ಆಕ್ರಮಿಸಿಕೊಂಡಿದ್ದರು. ಬೆರಿ ‘ಜಾನಿ ಬಿ. ಗುಡ್’ ಹಾಡಿ, ‘ಮೇಬೆಲೀನ್’ ಎತ್ತಿಕೊಳ್ಳುತ್ತಾನೆ. 1955ರಲ್ಲಿ ಅವನನ್ನು ಜಗತ್ತಿಗೆ ಪರಿಚಯಿಸಿದ ಹಾಡು ಅದು. ಅವನು ಬಿಟ್ಟೊಡನೆ ಅದೇ ಹಾಡನ್ನು ಪಕ್ಕದಲ್ಲಿದ್ದ ಲಿವರ್‌ಪೂಲಿನ ‘ಜೆರಿ ಅಂಡ್ ದ ಪೇಸ್‌ಮೇಕರ್ಸ್’ ಎತ್ತಿಕೊಳ್ಳುತ್ತದೆ. ಆಮೇಲೆ ಅವನದೊಂದು, ಇವರದೊಂದು ಎಂದು ಸರದಿ ಸಾಗುತ್ತದೆ. ಜೆರಿ ಮಾರ್ಸ್‌ಡೆನ್ ನಗುನಗುತ್ತಾ, ಗಿಟಾರನ್ನು ಎದೆಯ ತನಕ ಏರಿಸಿಕೊಂಡು ಹಾಡುವ ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಬೆರಿಯ ಮುಖ ಮಾತ್ರ ನನ್ನನ್ನು ಬಿಡಲಿಲ್ಲ. ತಾನು ಕಟ್ಟಿದ ಮನೆಯಲ್ಲಿ ಬೇರೆಯವರು ಸಂಸಾರ ಹೂಡಿರುವುದನ್ನು ಹೊಸಿಲಲ್ಲಿ ನಿಂತು ನೋಡುವವನ ನಗು ಅದು. ಸಿಟ್ಟು ಇದ್ದರೂ ತೋರಿಸುವುದಿಲ್ಲ. ಗಿಟಾರು ಹಿಡಿದು ಒಂದು ಕಾಲೆತ್ತಿ ಜಾರಿದನೆಂದರೆ ಮನೆ ಯಾರದೆಂದು ಸಭೆಗೆ ತಿಳಿದುಹೋಗುತ್ತದೆ.

ಅವನು ಆ ರಾತ್ರಿ ಹಾಡಿದ ಇನ್ನೊಂದು ಹಾಡು ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’. ಇದನ್ನು ನೆನಪಿಟ್ಟುಕೊಳ್ಳಿ.

ನಂತರ ಡೆಟ್ರಾಯಿಟ್‌ನಿಂದ ಬಂದವರ ಸರದಿ. ಅಲ್ಲಿನ ಮೋಟೌನ್ ಎಂಬ ರೆಕಾರ್ಡು ಕಂಪನಿ ತನ್ನ ಮೂರು ದೊಡ್ಡ ಹೆಸರುಗಳನ್ನು ಕಳಿಸಿತ್ತು. ಮೊದಲು ಸ್ಮೋಕಿ ರಾಬಿನ್ಸನ್ ಮತ್ತು ಮಿರಾಕಲ್ಸ್. ‘ಯು ಹ್ಯಾವ್ ರಿಯಲಿ ಗಾಟ್ ಎ ಹೋಲ್ಡ್ ಆನ್ ಮಿ’ ಹಾಡುವಾಗ ಸ್ಮೋಕಿಯ ತೆಳುವಾದ ಎತ್ತರದ ದನಿ ಬೇಡಿಕೊಳ್ಳುತ್ತಲೇ ಮೆರೆಯುತ್ತದೆ. ಈ ಹಾಡನ್ನು ಬೀಟಲ್ಸ್ ಹಿಂದಿನ ವರ್ಷವೇ ತಮ್ಮ ಎರಡನೆಯ ಆಲ್ಬಂನಲ್ಲಿ ಹಾಡಿದ್ದರು. ಸಭೆಯ ಎಷ್ಟೋ ಮಕ್ಕಳಿಗೆ ಅದು ಬೀಟಲ್ಸ್ ಹಾಡಾಗಿಯೇ ಗೊತ್ತಿದ್ದಿರಬೇಕು. ಬರೆದವನೇ ಎದುರಿಗೆ ನಿಂತು ಹಾಡಿದಾಗ ಅವರಿಗೆ ಏನನಿಸಿತೋ! ‘ಮಿಕೀಸ್ ಮಂಕಿ’ಗೆ ಬರುವಷ್ಟರಲ್ಲಿ ವೇದಿಕೆಯೆಲ್ಲ ಕುಣಿಯುತ್ತಿರುತ್ತದೆ, ಮಿರಾಕಲ್ಸ್ ಹುಡುಗರಿಗೆ ಮೈಯಲ್ಲಿ ಮೂಳೆಯೇ ಇಲ್ಲ.

ಮಾರ್ವಿನ್ ಗೇ ಬಿಳಿ ಕೋಟಿನಲ್ಲಿ ಬರುತ್ತಾನೆ. ಇಪ್ಪತ್ತೈದರ ಹರೆಯ, ಮುಂದೆ ಬರಲಿದ್ದ ದುಃಖದ ಗುರುತೇ ಇಲ್ಲದ ನಗುಮುಖ. 1984ರಲ್ಲಿ ಅವನು ತಂದೆಯ ಗುಂಡಿಗೆ ಬಲಿಯಾದದ್ದು ಗೊತ್ತಿರುವವರಿಗೆ ಆ ನಗು ನೋಡುವುದು ಸುಲಭವಲ್ಲ. ಹಿಂದೆ ದನಿಗೂಡಿಸುವವರು ‘ಬ್ಲಾಸಮ್ಸ್’, ಅವರಲ್ಲಿ ಡಾರ್ಲೀನ್ ಲವ್ ಕೂಡ ಒಬ್ಬಳು. ಗೇ ಹಾಡಿದ ನಾಲ್ಕರಲ್ಲಿ ಎರಡನ್ನು ಗಮನಿಸಬೇಕು: ‘ಕ್ಯಾನ್ ಐ ಗೆಟ್ ಎ ವಿಟ್ನೆಸ್’ ಮತ್ತು ‘ಹಿಚ್ ಹೈಕ್’. ಮೊದಲನೆಯದನ್ನು ರೋಲಿಂಗ್ ಸ್ಟೋನ್ಸ್ ಅದೇ ವರ್ಷದ ತಮ್ಮ ಮೊದಲ ಆಲ್ಬಂನಲ್ಲಿ ಹಾಡಿದ್ದರು. ಎರಡನೆಯದು ಮರುವರ್ಷ ಅವರ ಆಲ್ಬಂನಲ್ಲಿ ಬಂತು. ಅಂದರೆ ಆ ಸಭಾಂಗಣದಲ್ಲಿ ಅವರು ಕಲಿತ ಪಾಠದ ಮೂಲಪ್ರತಿ ಇತ್ತು, ಕಲಿಯಲಿದ್ದ ಪಾಠದ ಮೂಲಪ್ರತಿಯೂ ಇತ್ತು.

ಲೆಸ್ಲಿ ಗೋರ್ ಬಗ್ಗೆ ಇಂದಿನವರು ಅಷ್ಟಾಗಿ ಮಾತಾಡುವುದಿಲ್ಲ, ಆದರೆ ಅಂದಿನ ಜನಪ್ರಿಯತೆಯಲ್ಲಿ ಅವಳು ಆ ವೇದಿಕೆಯ ಬಹುಮಂದಿಗಿಂತ ಮೇಲಿದ್ದಳು. ಅಚ್ಚುಕಟ್ಟಾಗಿ ಕೂರಿಸಿದ ಕೂದಲಿನ ಹದಿನೆಂಟು ವರ್ಷದ ಹುಡುಗಿ. ಅವಳನ್ನು ಬೆಳಕಿಗೆ ತಂದ ನಿರ್ಮಾಪಕ ಕ್ವಿನ್ಸಿ ಜೋನ್ಸ್. ಅವಳು ‘ಯು ಡೋಂಟ್ ಓನ್ ಮಿ’ ಶುರುಮಾಡಿದಾಗ ಬೈಂಡರ್ ಮುಖದ ಹತ್ತಿರ ಹೋಗಿ ನಿಂತುಬಿಡುತ್ತಾನೆ. ನಾನು ನಿನ್ನ ಸೊತ್ತಲ್ಲ ಎಂದು ಗಂಡಿಗೆ ಹೇಳುವ ಹಾಡು. 1964ರ ಆರಂಭದಲ್ಲಿ ಬೀಟಲ್ಸ್ ಹಾಡೊಂದು ಅಡ್ಡ ನಿಂತಿದ್ದರಿಂದ ಇದು ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿತು. ಅವಳು ಕೈಕಾಲು ಆಡಿಸುವುದಿಲ್ಲ, ಕುಣಿಯುವುದಿಲ್ಲ. ನೆಟ್ಟಗೆ ನಿಂತು, ನಮ್ಮನ್ನು ನೋಡುತ್ತಾ ಹಾಡುತ್ತಾಳೆ. ಈ ಸಿನಿಮಾದಲ್ಲಿ ಬ್ರೌನ್ ಬಿಟ್ಟರೆ ನಾನು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡಿದ್ದು ಇದನ್ನೇ.

ಈಗ ಬೀಚ್ ಬಾಯ್ಸ್. ಪಟ್ಟೆ ಅಂಗಿ ತೊಟ್ಟ ಐವರು. ಅವರ ಊರು ಹಾಥಾರ್ನ್ ಅಲ್ಲೇ ಹತ್ತಿರ, ಹಾಗಾಗಿ ಇದು ಮನೆಯಂಗಳದ ಕಛೇರಿ. ಅವರು ಮೊದಲು ಹಾಡಿದ್ದು ‘ಸರ್ಫಿನ್ ಯು.ಎಸ್.ಎ.’. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದು ಈಗ ಬೇಕು. ಈ ಹಾಡಿನ ಮಟ್ಟು ಚಕ್ ಬೆರಿಯ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ನದೇ. ತಂಡದ ಬ್ರಯನ್ ವಿಲ್ಸನ್ ಅದಕ್ಕೆ ಕಡಲತೀರದ ಹೊಸ ಸಾಹಿತ್ಯ ಹೊಂದಿಸಿದ್ದ. 1963ರಲ್ಲಿ ಹಾಡು ಹಿಟ್ ಆದ ಮೇಲೆ ಬೆರಿಯ ಪ್ರಕಾಶಕರು ಹಕ್ಕು ಕೇಳಿ ಪಡೆದರು, ಮುಂದೆ ಬೆರಿಯ ಹೆಸರೂ ರೆಕಾರ್ಡಿನ ಮೇಲೆ ಬಂತು. ಸಂಗೀತದ ಇತಿಹಾಸ ಓದಿದವರಿಗೆ ಇದು ಹಳೆಯ ಸುದ್ದಿ. ಆದರೆ ಎರಡೂ ಹಾಡುಗಳನ್ನು ಒಂದೇ ಸಂಜೆ, ಒಂದೇ ವೇದಿಕೆಯಲ್ಲಿ, ಒಂದು ಗಂಟೆಯೊಳಗೆ ಅವರವರ ಬಾಯಿಂದಲೇ ಕೇಳುವ ಅವಕಾಶ ಇನ್ನೆಲ್ಲಿದೆ? ಸಿನಿಮಾ ಇದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಎರಡನ್ನೂ ನಮ್ಮ ಮುಂದೆ ಇಟ್ಟು ಮುಂದೆ ಹೋಗುತ್ತದೆ.

ಬೀಚ್ ಬಾಯ್ಸ್ ತಂಡದವರು ಚೆನ್ನಾಗಿಲ್ಲ ಎಂದು ಇದರರ್ಥವಲ್ಲ. ‘ಸರ್ಫರ್ ಗರ್ಲ್’ನಲ್ಲಿ ಐದು ದನಿಗಳು ಒಂದರೊಳಗೊಂದು ಸೇರುವುದು ಕೇಳಿ ನನ್ನ ಕಣ್ಣು ತುಂಬಿತು. ಅದು ಬೆರಿಯಿಂದ ಬಂದದ್ದಲ್ಲ, ಅವರದೇ. ಡೆನಿಸ್ ವಿಲ್ಸನ್ ಕೂದಲು ಹಾರಿಸುತ್ತಾ ಡ್ರಮ್ಸ್ ಬಾರಿಸುವಾಗ ಹುಡುಗಿಯರ ಕಿರುಚಾಟ ಮುಗಿಲು ಮುಟ್ಟುತ್ತದೆ. ಬಾಸ್ ಗಿಟಾರು ಹಿಡಿದ ಬ್ರಯನ್ ಮುಖದಲ್ಲಿ ತುಸು ಗಾಬರಿ ಕಂಡಂತಾಯಿತು ನನಗೆ. ಮುಂದಿನದು ಗೊತ್ತಿರುವುದರಿಂದ ಹಾಗೆ ಕಂಡಿರಲೂಬಹುದು. ಆ ಡಿಸೆಂಬರ್ 23ರಂದು ವಿಮಾನದಲ್ಲಿ ಅವನು ಕುಸಿದುಹೋದ. ಆಮೇಲೆ ತಂಡದ ಜೊತೆ ಊರೂರು ತಿರುಗುವುದನ್ನೇ ಬಿಟ್ಟು ಸ್ಟುಡಿಯೊ ಸೇರಿಕೊಂಡ. ಅದಾಗಿ ಒಂದು ವಾರದೊಳಗೆ ಈ ಸಿನಿಮಾ ಬಿಡುಗಡೆಯಾಯಿತು.

ಇಲ್ಲಿ ಸಿನಿಮಾದ ದುರದೃಷ್ಟವೂ ಶುರುವಾಯಿತು. ಮೊದಲ ಪ್ರದರ್ಶನಗಳು ಮುಗಿದ ಮೇಲೆ ಬೀಚ್ ಬಾಯ್ಸ್ ಕಡೆಯ ಒತ್ತಾಯದಿಂದ ಅವರ ಭಾಗವನ್ನು ಪ್ರತಿಗಳಿಂದ ತೆಗೆದುಹಾಕಿದರು. ಸಾರ್ಜೆಂಟ್ ಸಿನಿಮಾದ ಹಕ್ಕುಗಳನ್ನೂ ಕಳೆದುಕೊಂಡ. ನಂತರದ ದಶಕಗಳಲ್ಲಿ ಜನ ನೋಡಿದ್ದು ಹೆಚ್ಚಾಗಿ ಕಳ್ಳಪ್ರತಿಗಳನ್ನು, ಇಲ್ಲವೇ ಇದನ್ನೂ ಇನ್ನೊಂದು ಕಛೇರಿ ಸಿನಿಮಾವನ್ನೂ ಬೆರೆಸಿ ಎಂಬತ್ತರ ದಶಕದಲ್ಲಿ ತಂದ ವಿಡಿಯೊ ಕ್ಯಾಸೆಟ್ಟನ್ನು. ನನಗೆ ಬಹಳ ನೋವಾಗುವ ಸಂಗತಿ ಇದು: ಅಷ್ಟು ವರ್ಷ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ ಒಂದು ಕಡೆ ಉಳಿದು, ಅದರಿಂದ ಹುಟ್ಟಿದ ಹಾಡು ಮಾತ್ರ ಕತ್ತರಿಗೆ ಸಿಕ್ಕಿ ಹೋಗಿತ್ತು. 2006ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಸಿನಿಮಾವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿತು. 2010ರಲ್ಲಿ ‘ಶೌಟ್! ಫ್ಯಾಕ್ಟರಿ’ ಬೀಚ್ ಬಾಯ್ಸ್ ಭಾಗ ಸಹಿತ ಪೂರ್ತಿ ಸಿನಿಮಾವನ್ನು ಡಿ.ವಿ.ಡಿ.ಯಾಗಿ ತಂದಿತು. ಅಲ್ಲಿಗೆ ಸಾಲು ಮತ್ತೆ ಕೂಡಿಕೊಂಡಿತು.

ಬಿಲ್ಲಿ ಜೆ. ಕ್ರೇಮರ್ ಮತ್ತು ಡಕೋಟಾಸ್ ಬಂದು ಹೋಗುತ್ತಾರೆ. ಕೋಟು ಚೆನ್ನಾಗಿದೆ, ಹಾಡು ಪರವಾಗಿಲ್ಲ. ‘ಬಾರ್ಬೇರಿಯನ್ಸ್’ ಎಂಬ ಮ್ಯಾಸಚೂಸೆಟ್ಸ್ ಹುಡುಗರದು ಒಂದೇ ಹಾಡು. ಅವರ ಡ್ರಮ್ಮರ್ ಎಡಗೈ ಕಳೆದುಕೊಂಡವನು, ಕೊಕ್ಕೆಯ ಕೃತಕ ಕೈಯಲ್ಲಿ ಕೋಲು ಹಿಡಿದು ಬಾರಿಸುತ್ತಾನೆ. ಅವನ ಹುಮ್ಮಸ್ಸು ಹಾಡಿಗಿಂತ ದೊಡ್ಡದು.

ಈ ಎರಡು ತಂಡಗಳ ನಡುವೆ ಮೋಟೌನ್ ಕಳಿಸಿದ ಮೂರನೆಯ ಹೆಸರು, ಸುಪ್ರೀಮ್ಸ್. ಡಯಾನಾ ರಾಸ್, ಮೇರಿ ವಿಲ್ಸನ್, ಫ್ಲಾರೆನ್ಸ್ ಬಲ್ಲಾರ್ಡ್. ಅಕ್ಟೋಬರ್ 31ರ ದಿನಾಂಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ‘ಬೇಬಿ ಲವ್’ ಮೊದಲ ಸ್ಥಾನಕ್ಕೇರಿತು, ಅಂದರೆ ಚಿತ್ರೀಕರಣದ ವಾರದಲ್ಲೇ. ಡಯಾನಾಳ ಕಣ್ಣು ತೆರೆಯನ್ನೆಲ್ಲ ತುಂಬುವಷ್ಟು ಹತ್ತಿರ ಕ್ಯಾಮೆರಾ ಹೋಗುತ್ತದೆ. ನಾನು ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಫ್ಲಾರೆನ್ಸಳನ್ನು. ತಂಡ ಕಟ್ಟಿದವರಲ್ಲಿ ಅವಳು ಮೊದಲಿಗಳು. ಮೂರು ವರ್ಷದಲ್ಲಿ ತಂಡದಿಂದ ಹೊರಬಿದ್ದಳು, 1976ರಲ್ಲಿ ಮೂವತ್ತೆರಡನೆಯ ವಯಸ್ಸಿಗೇ ತೀರಿಹೋದಳು. ಇಲ್ಲಿ ಅವಳು ಬದುಕಿದ್ದಾಳೆ, ನಗುತ್ತಿದ್ದಾಳೆ, ತಾಳಕ್ಕೆ ಸರಿಯಾಗಿ ಭುಜ ಕುಣಿಸುತ್ತಿದ್ದಾಳೆ.

ಈ ಎಲ್ಲ ಹಾಡುಗಳ ಹಿಂದೆ ಮುಂದೆ ಒಂದು ನೃತ್ಯತಂಡ ಬಿಡುವಿಲ್ಲದೆ ಕುಣಿಯುತ್ತಿರುತ್ತದೆ. ಡೇವಿಡ್ ವಿಂಟರ್ಸ್ ಹೆಜ್ಜೆ ಕಲಿಸಿದ್ದು. ಟೋನಿ ಬೇಸಿಲ್, ಮುಂದೆ ನಟಿಯಾಗಿ ಹೆಸರಾದ ಟೆರಿ ಗಾರ್ ಇದರಲ್ಲಿದ್ದಾರೆ. ಬಿಳಿಯರು ಕಪ್ಪು ಜನರು ಒಟ್ಟಿಗೆ ಕುಣಿಯುತ್ತಾರೆ. ಇಂದು ಇದರಲ್ಲೇನಿದೆ ಅನಿಸಬಹುದು. ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದು ಆ ವರ್ಷದ ಜುಲೈ 2ರಂದು. ನಾಲ್ಕು ತಿಂಗಳೂ ಕಳೆದಿರಲಿಲ್ಲ. ದಕ್ಷಿಣದ ಎಷ್ಟೋ ಊರುಗಳಲ್ಲಿ ಕಪ್ಪು ಪ್ರೇಕ್ಷಕರನ್ನೂ ಬಿಳಿಯ ಪ್ರೇಕ್ಷಕರನ್ನೂ ಬೇರೆ ಬೇರೆ ಕೂರಿಸಿ ಕಛೇರಿ ನಡೆಸುತ್ತಿದ್ದ ಕಾಲ ಕಣ್ಣೆದುರಿಗೇ ಇತ್ತು. ಸಿನಿಮಾದಲ್ಲಿ ರಾಜಕೀಯದ ಒಂದು ಸೊಲ್ಲೂ ಇಲ್ಲ. ಆದರೂ ದಕ್ಷಿಣದ ಪಟ್ಟಣವೊಂದರ ಚಿತ್ರಮಂದಿರದಲ್ಲಿ ಇದನ್ನು ನೋಡಿದ ಹದಿಹರೆಯದವರನ್ನು ಊಹಿಸಿಕೊಳ್ಳುತ್ತೇನೆ. ಮೊದಲ ಹಾಡಿನಿಂದ ಕೊನೆಯವರೆಗೆ ಬಣ್ಣದ ಗೆರೆ ಎಲ್ಲಿದೆ ಎಂದು ಅವರಿಗೆ ಹುಡುಕಿದರೂ ಸಿಕ್ಕಿರದು.

ಆಮೇಲೆ ಬ್ರೌನ್.

ಅವನಿಗೆ ಆಗ ಮೂವತ್ತೊಂದು. ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಕಛೇರಿಯನ್ನು ಸ್ವಂತ ದುಡ್ಡು ಹಾಕಿ ರೆಕಾರ್ಡು ಮಾಡಿಸಿ, 1963ರಲ್ಲಿ ಹೊರತಂದು ಗೆದ್ದವನು. ಕಪ್ಪು ಜನರ ನಡುವೆ ಅವನು ದೊರೆ. ಬಿಳಿ ಅಮೆರಿಕದ ಬಹುಪಾಲು ಮನೆಗಳಿಗೆ ಅವನ ದನಿ ಅಷ್ಟಿಷ್ಟು ರೇಡಿಯೊದಲ್ಲಿ ತಲುಪಿತ್ತು, ಅವನ ಕಾಲು ತಲುಪಿರಲಿಲ್ಲ. ಬೈಂಡರ್ ಹೇಳುವ ಪ್ರಕಾರ ಅವನು ರಿಹರ್ಸಲ್ಲಿಗೂ ಒಪ್ಪಲಿಲ್ಲ, ನಾನು ಮಾಡುವುದನ್ನು ನೋಡಿದರೆ ನಿನಗೇ ತಿಳಿಯುತ್ತದೆ ಎಂಬಂತೆ ಮಾತಾಡಿದನಂತೆ. ಹಾಗಾಗಿ ನಾವು ನೋಡುತ್ತಿರುವುದು ಕ್ಯಾಮೆರಾದವರೂ ಮೊದಲ ಸಲ ನೋಡುತ್ತಿರುವುದನ್ನೇ. ಅವನು ಎಲ್ಲಿ ಬೀಳುತ್ತಾನೆ, ಎಲ್ಲಿ ಏಳುತ್ತಾನೆ ಎಂದು ಅವರಿಗೂ ಗೊತ್ತಿಲ್ಲ.

‘ಔಟ್ ಆಫ್ ಸೈಟ್’ನಿಂದ ಆರಂಭ. ಹಾಡಿನ ಮಾಧುರ್ಯ ಹಿಂದೆ ಸರಿದು ತಾಳವೇ ಮುಂದೆ ಬಂದು ನಿಲ್ಲುವುದು ಇಲ್ಲಿ ಕೇಳುತ್ತದೆ. ಮುಂದಿನ ದಶಕದ ಫಂಕ್ ಸಂಗೀತದ ಬೀಜ ಇದು. ನಂತರ ‘ಪ್ರಿಸನರ್ ಆಫ್ ಲವ್’ ಎಂಬ ನಿಧಾನದ ಹಾಡು. ಆಮೇಲೆ 1956ರ ಅವನ ಮೊದಲ ರೆಕಾರ್ಡು ‘ಪ್ಲೀಸ್, ಪ್ಲೀಸ್, ಪ್ಲೀಸ್’. ಕೇಪ್ ಬರುವುದು ಇದರಲ್ಲಿ. ಬಾಬಿ ಬರ್ಡ್, ಬಾಬಿ ಬೆನೆಟ್, ಲಾಯ್ಡ್ ಸ್ಟಾಲ್‌ವರ್ತ್ ಎಂಬ ಫೇಮಸ್ ಫ್ಲೇಮ್ಸ್ ಸಂಗಡಿಗರ ಮುಖದಲ್ಲಿರುವ ಕಳವಳವನ್ನು ನೋಡಿ. ನೂರಾರು ರಾತ್ರಿ ಮಾಡಿದ ಆಟ, ಆದರೂ ಇವತ್ತು ಇವನು ನಿಜವಾಗಿ ಏಳಲಾರನೇನೋ ಎಂಬ ಆತಂಕ ಅವರ ಕಣ್ಣಲ್ಲಿದೆ. ಕೇಪಿನ ಉಪಾಯ ಗಾರ್ಜಸ್ ಜಾರ್ಜ್ ಎಂಬ ಕುಸ್ತಿಪಟುವಿನಿಂದ ಬಂತು ಎಂದು ಬ್ರೌನ್ ಹೇಳಿಕೊಂಡಿದ್ದಾನೆ. ಇರಬಹುದು. ಆದರೆ ಕುಸಿಯುವುದು, ಎತ್ತಿ ಹಿಡಿಯುವುದು, ಮತ್ತೆ ಚೈತನ್ಯ ತುಂಬಿ ಎದ್ದು ನಿಲ್ಲುವುದು ಕಪ್ಪು ಜನರ ಚರ್ಚುಗಳ ಭಾನುವಾರದ ಆರಾಧನೆಯಿಂದ ಬಂದದ್ದು. ಸೋಲ್ ಸಂಗೀತ ಅಂದರೆ ಅದೇ ತಾನೆ, ದೇವರಿಗೆ ಹಾಡುತ್ತಿದ್ದ ದನಿ ಪ್ರೇಮಕ್ಕೆ ಹಾಡತೊಡಗಿದ್ದು.

ಕೊನೆಯ ‘ನೈಟ್ ಟ್ರೇನ್’ ಹೊತ್ತಿಗೆ ನನ್ನ ಜೊತೆ ನೋಡುತ್ತಿದ್ದ ಗೆಳೆಯ ಎದ್ದು ನಿಂತಿದ್ದ. ಅವನು ಸಾಗರದ ಕಡೆಯವನು, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿ ಬೆಳೆದವನು. “ಏ ಮಾರಾಯ, ಅಂವ ಬ್ಯಾಂಡನ್ನ ಕಾಲಲ್ಲೇ ನಡೆಸ್ತಾ ಇದ್ದ ನೋಡು. ಪಾದ ತಿರುಗೋದು ಮೊದಲು, ಪೆಟ್ಟು ಬೀಳೋದು ಆಮೇಲೆ” ಅಂದ. ಮತ್ತೆ ಹಿಂದಕ್ಕೆ ಹಾಕಿ ನೋಡಿದೆವು. ಹೌದು. ಬ್ರೌನ್ ಒಂಟಿಕಾಲಲ್ಲಿ ವೇದಿಕೆಯುದ್ದ ಜಾರುತ್ತಾ ಹೋಗುವಾಗ ಇನ್ನೊಂದು ಕಾಲಿನ ಹಿಮ್ಮಡಿಯಲ್ಲಿ ಮೇಳಕ್ಕೆ ಸನ್ನೆ ಇದೆ. ಡ್ರಮ್ಮರನ ಕಣ್ಣು ಅದನ್ನು ಬಿಟ್ಟು ಕದಲುವುದಿಲ್ಲ. ನಾನು ಅಷ್ಟು ಸಲ ನೋಡಿಯೂ ಅವನ ಮುಖವನ್ನೇ ನೋಡುತ್ತಿದ್ದೆ, ಗೆಳೆಯ ಮೊದಲ ಸಲಕ್ಕೇ ಪಾದ ನೋಡಿದ. ವಾದ್ಯದವರು ನೋಡುವ ರೀತಿಯೇ ಬೇರೆ.

ಇಂಥವನ ನಂತರ ವೇದಿಕೆ ಏರಬೇಕಾದವರು ರೋಲಿಂಗ್ ಸ್ಟೋನ್ಸ್. ಇಪ್ಪತ್ತೊಂದರ ಮಿಕ್ ಜಾಗರ್, ಇಪ್ಪತ್ತರ ಕೀತ್ ರಿಚರ್ಡ್ಸ್, ಬ್ರಯನ್ ಜೋನ್ಸ್, ಬಿಲ್ ವೈಮನ್, ಚಾರ್ಲಿ ವಾಟ್ಸ್. ಬ್ರೌನ್ ಹಿಂದೆಯೇ ಹಾಡಲು ಹೋದದ್ದು ತಮ್ಮ ದೊಡ್ಡ ತಪ್ಪು ಎಂದು ಕೀತ್ ಮುಂದೆ ಹೇಳಿದ್ದುಂಟು. ಸಿನಿಮಾದ ಬಗ್ಗೆ ಬರೆಯುವವರೆಲ್ಲ ಇಲ್ಲಿ ಸ್ಟೋನ್ಸ್ ಸೋತರು ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಅವರು ಏನು ಹಾಡಿದರು ನೋಡಿ. ಮೊದಲ ಹಾಡು ‘ಅರೌಂಡ್ ಅಂಡ್ ಅರೌಂಡ್’, ಚಕ್ ಬೆರಿಯದು. ಬೆರಿಯಿಂದ ಶುರುವಾದ ಕಛೇರಿ ಕೊನೆಯ ತಂಡದ ಮೊದಲ ಹಾಡಿನಲ್ಲಿ ಮತ್ತೆ ಬೆರಿಗೇ ಬಂದು ಸೇರುತ್ತದೆ. ಇದನ್ನು ಅವರು ರೆಕಾರ್ಡು ಮಾಡಿದ್ದು ಅದೇ ಬೇಸಿಗೆಯಲ್ಲಿ, ಶಿಕಾಗೋದ ಚೆಸ್ ಸ್ಟುಡಿಯೊದಲ್ಲಿ. ಬೆರಿಯ ರೆಕಾರ್ಡುಗಳು ಹೊರಬಂದದ್ದು ಅದೇ ಚೆಸ್ ಕಂಪನಿಯಿಂದ. ‘ಟೈಮ್ ಈಸ್ ಆನ್ ಮೈ ಸೈಡ್’ ಅವರು ಕಲಿತದ್ದು ನ್ಯೂ ಆರ್ಲಿಯನ್ಸಿನ ಅರ್ಮಾ ಥಾಮಸಳ ದನಿಯಿಂದ. ‘ಇಟ್ಸ್ ಆಲ್ ಓವರ್ ನೌ’ ಬಾಬಿ ವೊಮ್ಯಾಕ್ ಮತ್ತು ಅವನ ಸೋದರರ ವ್ಯಾಲೆಂಟಿನೋಸ್ ತಂಡದ್ದು. ಬ್ರಿಟನ್ನಿನಲ್ಲಿ ಸ್ಟೋನ್ಸ್‌ಗೆ ಮೊದಲ ನಂಬರ್ ಒನ್ ತಂದುಕೊಟ್ಟದ್ದು ಅದೇ ಹಾಡು. ತಂಡದ ಹೆಸರು ಕೂಡ ಬ್ಲೂಸ್ ಗಾಯಕ ಮಡ್ಡಿ ವಾಟರ್ಸನ ಹಾಡಿನಿಂದ ಎತ್ತಿಕೊಂಡದ್ದು.

ಅವರು ಇದನ್ನು ಮುಚ್ಚಿಟ್ಟವರಲ್ಲ. ತಮ್ಮ ಗುರುಗಳ ಹೆಸರನ್ನು ಹೇಳುತ್ತಲೇ ಬಂದವರು. ಆ ರಾತ್ರಿ ಜಾಗರ್ ಹೆದರಿದ್ದಾನೆ, ಅದು ಕಾಣುತ್ತದೆ. ಕೈ ತಟ್ಟುತ್ತಾನೆ, ಅರೆಬರೆ ಹೆಜ್ಜೆ ಹಾಕುತ್ತಾನೆ, ಯಾರದೋ ಕುಣಿತವನ್ನು ಈಗ ತಾನೇ ನೋಡಿ ಬಂದವನ ಹಾಗೆ ಮೈ ಆಡಿಸುತ್ತಾನೆ. ಮುಂದಿನ ಅರವತ್ತು ವರ್ಷ ಅವನು ಜಗತ್ತಿನ ಮೈದಾನಗಳಲ್ಲಿ ಓಡಾಡಿದ ರೀತಿಯಲ್ಲಿ ಆ ಹದಿನೆಂಟು ನಿಮಿಷಗಳ ಪಾಲು ಇದೆ ಎಂದು ನಾನು ನಂಬುತ್ತೇನೆ. ಸೋಲು ಎನ್ನುವವರು ಕಲಿಕೆ ನಡೆಯುತ್ತಿರುವುದನ್ನು ಗಮನಿಸಿಲ್ಲ. ಹಾಗಂತ ಲೆಕ್ಕ ಚುಕ್ತಾ ಆಯಿತು ಎಂದೂ ನಾನು ಹೇಳಲಾರೆ. ಬ್ರಿಟನ್ನಿನಲ್ಲಿ ಈ ಸಿನಿಮಾವನ್ನು ‘ಗ್ಯಾದರ್ ನೋ ಮಾಸ್’ ಎಂಬ ಹೆಸರಿನಲ್ಲಿ ತೋರಿಸಿದರು, ಉರುಳುವ ಕಲ್ಲಿಗೆ ಪಾಚಿ ಹತ್ತದು ಎಂಬ ಇಂಗ್ಲಿಷ್ ಗಾದೆಯ ಮೂಲಕ ಸ್ಟೋನ್ಸ್ ಹೆಸರಿಗೆ ತಳುಕು ಹಾಕಿದ ಶೀರ್ಷಿಕೆ. ಬೆರಿ, ಬ್ರೌನ್, ಗೇ, ಸ್ಮೋಕಿ ಎಲ್ಲ ಅದರಡಿ ಸೇರ್ಪಡೆಯಾದರು. ಟಿಕೆಟ್ಟು ಯಾರ ಹೆಸರಿನಲ್ಲಿ ಹರಿಯುತ್ತದೆ ಎಂಬುದು ವ್ಯಾಪಾರಿಗಳಿಗೆ ಗೊತ್ತಿತ್ತು.

ಅಂದು ಆ ವೇದಿಕೆಯಲ್ಲಿದ್ದವರಲ್ಲಿ ಬಹಳ ಮಂದಿ ಈಗಿಲ್ಲ. ಬ್ರೌನ್ 2006ರ ಕ್ರಿಸ್‌ಮಸ್ ದಿನ ಹೋದ. ಗೋರ್ 2015ರಲ್ಲಿ, ಬೆರಿ ತೊಂಬತ್ತನೆಯ ವಯಸ್ಸಿನಲ್ಲಿ 2017ರಲ್ಲಿ, ಮೇರಿ ವಿಲ್ಸನ್ ಮತ್ತು ಚಾರ್ಲಿ ವಾಟ್ಸ್ 2021ರಲ್ಲಿ, ಬ್ರಯನ್ ವಿಲ್ಸನ್ 2025ರಲ್ಲಿ. ಬದುಕಿದ್ದಾಗ ಇವರಲ್ಲಿ ಅನೇಕರು ಕೋರ್ಟು, ಕರಾರು, ಕಾಯಿಲೆಗಳ ನಡುವೆ ನಲುಗಿದರು.

ನೋಡಬೇಕೆನ್ನುವವರಿಗೆ ಎರಡು ಮಾತು. ಬೀಚ್ ಬಾಯ್ಸ್ ಇರುವ ಪ್ರತಿಯೇ ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. 2010ರ ಡಿಸ್ಕಿನಲ್ಲಿ ಬೈಂಡರನ ವಿವರಣೆಯ ಧ್ವನಿಪಥವೂ ಇದೆ, ಅದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಮೊದಲ ಸಲ ಬ್ರೌನ್ ಭಾಗಕ್ಕೆ ನೇರವಾಗಿ ಹಾರಬೇಡಿ. ಬೆರಿಯಿಂದ ಶುರುಮಾಡಿ, ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ ಬಂದಾಗ ಮಟ್ಟನ್ನು ಗುನುಗಿಕೊಂಡು, ಪಟ್ಟೆ ಅಂಗಿಯವರು ಬರುವ ತನಕ ಅದನ್ನು ಬಾಯಲ್ಲೇ ಇಟ್ಟುಕೊಳ್ಳಿ.